ಕುರಿಗಂಟೆಗಳ ನಕಲು ತೆಗೆದ ತಿಂಕಾ

ನಮ್ಮ ಬೆಟ್ಟದೂರು ಸ್ಮೋಲ್ಯಾನಿನ ಸೇತುವೆ ಪಕ್ಕದಲ್ಲಿ ನನ್ನದು ಹೊಲಿಗೆ ಅಂಗಡಿ. ಗೋಡೆಯಾಚೆ ತಿಂಕಾಳ ಕಂಪ್ಯೂಟರ್ ರಿಪೇರಿ ಅಂಗಡಿ. ಕಂಪ್ಯೂಟರಿನ ತಲೆಬುಡ ನನಗೆ ಗೊತ್ತಿಲ್ಲ. ಆದರೂ ಹನ್ನೆರಡು ವರ್ಷಗಳಿಂದ ನನ್ನ ದನಿಯಿಲ್ಲದೆ ಅವಳು ಒಂದು ಹಾರ್ಡ್ ಡಿಸ್ಕನ್ನೂ ನಕಲು ಮಾಡಿಲ್ಲ. ಅವಳು ಗೋಡೆ ಬಡಿದರೆ ಸಾಕು, ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಹೋಗಿ, ಹಳೆಯ ಡಿಸ್ಕಿನ ಮೇಲಿರುವ ನಂಬರನ್ನು ಗಟ್ಟಿಯಾಗಿ ಓದುತ್ತೇನೆ. ಯಂತ್ರ ಯಾವುದರಿಂದ ನಕಲು ತೆಗೆಯಲಿದೆಯೋ ಆ ಡಿಸ್ಕಿನ ನಂಬರ್ ಪರದೆಯಲ್ಲಿರುತ್ತದೆ, ಅವಳು ಒಂದೊಂದೇ ಅಂಕಿ ತಾಳೆ ನೋಡುತ್ತಾಳೆ. ಎಂಟರ್ ಒತ್ತುವುದು ಆಮೇಲೆ.

ಇದೆಂಥ ಶಾಸ್ತ್ರ ಎಂದು ಗಿರಾಕಿಗಳು ನಗುತ್ತಾರೆ. ಅವಳ ಲಿನಕ್ಸ್ ಯಂತ್ರ ಅತಿ ವಿಧೇಯ. ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಎಂದು ಒಂದು ಸಾಲು ಬರೆದುಕೊಟ್ಟರೆ ಮರುಮಾತಿಲ್ಲದೆ ಮಾಡಿಬಿಡುತ್ತದೆ. ಆ ಎರಡು ಹೆಸರು ಅದಲುಬದಲಾದರೆ, ಖಾಲಿ ಡಿಸ್ಕನ್ನು ತಂದು ತುಂಬಿದ ಡಿಸ್ಕಿನ ಮೇಲೆ ಬಳಿಯುತ್ತದೆ. ಹನ್ನೆರಡು ವರ್ಷದ ಹಿಂದೆ ಹಾಗೆ ಅಳಿಸಿಹೋದದ್ದು ನನ್ನ ಮದುವೆಯ ವಿಡಿಯೊ. ಗಂಡ ಅಷ್ಟರಲ್ಲಾಗಲೇ ಬಿಟ್ಟುಹೋಗಿದ್ದ, ಅವನ ಮುಖ ಹೋದರೆ ಹೋಗಲಿ. ಆದರೆ ಅದರಲ್ಲಿ ನನ್ನಮ್ಮ ಕುಣಿದಿದ್ದಳು. ಡಿಸ್ಕ್ ತಾನಾಗಿಯೇ ಕೆಟ್ಟಿತೆಂದು ತಿಂಕಾ ಹೇಳಿದ್ದರೆ ನಾನು ನಂಬುತ್ತಿದ್ದೆ. ಅವಳು ನನ್ನ ಬಾಗಿಲಲ್ಲಿ ನಿಂತು, ತಾನೇ ಅಳಿಸಿದೆ ಎಂದಳು. ಒಂದು ತಿಂಗಳು ನಾನು ಅವಳ ಮುಖ ನೋಡಲಿಲ್ಲ. ಆಮೇಲೊಂದು ದಿನ ಯಾರದೋ ಡಿಸ್ಕ್ ಹಿಡಿದುಕೊಂಡು ಬಂದಳು.

"ದೋನಕ್ಕ, ನನ್ನ ಕಣ್ಣನ್ನ ನಾನೇ ನಂಬಲ್ಲ. ಈ ನಂಬರ್ ಒಂಚೂರು ಓದ್ತೀಯಾ?"

ಮೈ ಉರಿಯುತ್ತಿತ್ತು. ಆದರೂ ಓದಿದೆ.

ಹೋದ ಮಾರ್ಚಿನಲ್ಲಿ ಸೆರಾಫಿಮಜ್ಜ ಬಂದ. ಅವನು ಕುರಿಗಂಟೆ ಮಾಡುವವನು. ನಮ್ಮ ಬೆಟ್ಟದಲ್ಲಿ ಒಂದೊಂದು ಮಂದೆಗೂ ಅದರದೇ ಗಂಟೆಗಳ ಮೇಳ. ಒಂದು ಕಳೆದರೆ, ಹೊಸದು ಉಳಿದವುಗಳ ಜೊತೆ ಶ್ರುತಿ ಸೇರಬೇಕು, ಇಲ್ಲವಾದರೆ ಕುರಿಗಾಹಿ ಅದನ್ನು ಮುಟ್ಟುವುದಿಲ್ಲ. ಅಜ್ಜ ಇಪ್ಪತ್ತು ವರ್ಷ ಪ್ರತಿ ಮಂದೆಯ ನಾದವನ್ನೂ ರೆಕಾರ್ಡ್ ಮಾಡಿಟ್ಟಿದ್ದ. ತಗಡು ಬಡಿದು ಬಡಿದು ಕಿವಿ ಮಂದವಾದ ಮೇಲೆ, ಸ್ಪೀಕರಿಗೆ ಬಲಗಿವಿ ಒತ್ತಿ ಅದನ್ನೇ ಕೇಳಿ ಕೆಲಸ ನಡೆಸುತ್ತಿದ್ದ. ಈಗ ಆ ಡಿಸ್ಕ್ ಕಟಕಟ ಎನ್ನುತ್ತಿತ್ತು. ಬೇರೆ ನಕಲಿರಲಿಲ್ಲ. ಅದು ಹೋದರೆ ಅವನ ಕಸುಬೂ ಹೋದಂತೆ. ಒಂದೇ ಒಂದನ್ನು ಹಾಕು, ಇದೆಯೋ ಇಲ್ಲವೋ ಕೇಳಿಬಿಡುತ್ತೇನೆ ಎಂದು ಗೋಗರೆದ.

"ಆಗಲ್ಲಜ್ಜ," ಎಂದಳು ತಿಂಕಾ. "ಇದರ ಉಸಿರು ಇನ್ನೆಷ್ಟಿದೆಯೋ. ಇರೋದೆಲ್ಲ ನಕಲಿಗೇ ಬೇಕು. ಕೇಳೋದು ಆಮೇಲೆ, ನಕಲಲ್ಲಿ."

ನಾನು ನಂಬರ್ ಓದಿದೆ, ನಕಲು ಶುರುವಾಯಿತು. ಕೆಟ್ಟ ಜಾಗ ಬಂದರೆ ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ಹಿಂದಿರುಗಿ ಬಂದು ಕೆದಕಬೇಕು, ಎರಡು ದಿನ ಹಿಡಿಯುತ್ತದೆ ಎಂದಳು. ಮರುದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು. ನಾನು ಚೀಸ್ ತುಂಬಿದ ಬಿಸಿ ಬಾನಿತ್ಸಾ ಕೊಡಲು ಹೋದಾಗ ಯಂತ್ರ ಮತ್ತೆ ಶುರುವಾಗಿತ್ತು. ತಿಂಕಾ ಒಂದು ಕೀ ಒತ್ತಿ ನಿನ್ನೆಯ ಸಾಲನ್ನೇ ಪರದೆಗೆ ತಂದು, ಎಂಟರ್ ಮೇಲೆ ಬೆರಳಿಟ್ಟಿದ್ದಳು. ನನಗೆ ರೇಗಿತು.

"ಏನೇ, ನಾನು ಸತ್ತೋದ್ನಾ? ನಂಬರ್ ಯಾರು ಓದ್ತಾರೆ?"

"ನಿನ್ನೆ ಓದಿದ್ಯಲ್ಲಕ್ಕ. ಅದೇ ಸಾಲು ಇದು."

"ನಿನ್ನೆ ಉಂಡಿದ್ದೆ ಅಂತ ಇವತ್ತು ಉಪವಾಸ ಇರ್ತೀಯಾ?"

ಓದಿದೆ. ಮೂರನೇ ಅಂಕಿಗೇ ಅವಳ ಮುಖ ಬಿಳಿಚಿಕೊಂಡಿತು. ಮತ್ತೆ ಶುರುವಾಗುವಾಗ ಯಂತ್ರ ಎರಡು ಡಿಸ್ಕುಗಳ ಹೆಸರನ್ನು ಅದಲುಬದಲು ಮಾಡಿಬಿಟ್ಟಿತ್ತು. ನಿನ್ನೆ ಹಳೆಯದಕ್ಕಿದ್ದ ಹೆಸರು ಇವತ್ತು ಹೊಸದಕ್ಕೆ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಳು. ಚೆನ್ನಾಗಿ ಬೈಯಬೇಕೆಂದಿದ್ದೆ, ಬಾಯಿ ಬರಲಿಲ್ಲ. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಇದೆಯೆಂದು ಆಗಲೇ ನನಗೆ ಗೊತ್ತಾದದ್ದು. ಸಾಲು ತಿದ್ದಿದಳು, ನಾನು ಇನ್ನೊಮ್ಮೆ ಓದಿದೆ, ಕೆಲಸ ಮುಂದುವರಿಯಿತು.

ಮೂರನೇ ದಿನ ಅಜ್ಜ ಬಂದ. ಆಗದೇ ತಪ್ಪಿಹೋದ ಅನಾಹುತವನ್ನು ಹೇಳಲು ಹೋಗಬೇಡ ಎಂದು ತಿಂಕಾಳಿಗೆ ಕಣ್ಸನ್ನೆ ಮಾಡಿದೆ. ಕೇಳುವ ಹೆಣ್ಣೇ ಅವಳು? ನಿನ್ನ ಗಂಟೆಗಳನ್ನೆಲ್ಲ ಅಳಿಸಿಬಿಡುತ್ತಿದ್ದೆ ಎಂದಳು. ಅಜ್ಜನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು, ಕೊನೆಗೆ ಕಿರುಚಿಯೇ ಹೇಳಿದಳು. ಎದುರಿನ ಬ್ರೆಡ್ ಅಂಗಡಿಯವನು ಹೊರಗೆ ಬಂದು ನಿಂತ.

"ಅಳಿಸ್ಲಿಲ್ವಲ್ಲ," ಎಂದ ಅಜ್ಜ. "ಹಾಕು, ಕೇಳೋಣ."

ಕುರಿಗಾಹಿ ಸಲೀಹ್‌ನ ಮಂದೆಯ ನಾದವನ್ನು ಹಾಕಿದಳು. ಅದರ ಮೇಳದಲ್ಲಿ ಹತ್ತೊಂಬತ್ತು ಗಂಟೆಗಳು. ಅಜ್ಜ ಸ್ಪೀಕರಿಗೆ ಬಲಗಿವಿ ಒತ್ತಿ, ಬೆರಳು ಮಡಿಸುತ್ತ ಎಣಿಸಿದ. ಮುಗಿದ ಮೇಲೆ ಮತ್ತೆ ಹಾಕಿಸಿದ, ಮತ್ತೆ ಎಣಿಸಿದ.

"ಹದಿನೇಳೇ ಇರೋದು. ಮರಿಗಳ ಸಣ್ಣ ಗಂಟೆ ಎರಡೂ ಹೋಗಿವೆ."

ತಿಂಕಾ ನನ್ನ ಮುಖ ನೋಡಿದಳು. ಆ ಎರಡು ಸಣ್ಣ ಗಂಟೆಗಳು ನನಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಡಿಸ್ಕೇ ತಿಂದುಹಾಕಿತು ಎಂದುಬಿಡೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಅಜ್ಜನ ಪಕ್ಕದಲ್ಲಿ ಕುಳಿತು, ಆ ಬಲಗಿವಿಗೆ ಬಾಯಿಟ್ಟಳು.

"ಹತ್ತೊಂಬತ್ತೂ ಇವೆ ಅಜ್ಜ. ನಿಂಗೆ ಕೇಳಿಸ್ತಿಲ್ಲ, ಅಷ್ಟೆ."

ತಿಂಕಾ ಮೂರನೇ ಸಲ ಅದನ್ನೇ ಹಾಕಿ, ಅಜ್ಜನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸಣ್ಣ ಗಂಟೆ ನುಡಿದಾಗಲೆಲ್ಲ ಒಂದೊಂದು ಸಲ ಅದರ ಮೇಲೆ ಬೆರಳಿನಿಂದ ತಟ್ಟಿದಳು. ಒಂದು ಗಂಟೆಯ ತಾಳ ಸಮನಾಗಿತ್ತು. ಇನ್ನೊಂದು ಎರಡು ಬಾರಿ ನುಡಿದು, ಸ್ವಲ್ಪ ತಡೆದು, ಮತ್ತೆ ನುಡಿಯುತ್ತಿತ್ತು. ಅಜ್ಜನ ಕಣ್ಣಲ್ಲಿ ನೀರು ತುಂಬಿತು.

"ಇದು ಆ ಕುಂಟು ಮರೀದು," ಎಂದ.