ಅಂಗಡಿಗೆ ಬಂದರೆ ಗುಣವಾಗುವ ಕಾಯಿಲೆ

ನಸುಕಿನಲ್ಲಿ ಬಾಗ್ದಾದಿನ ಸಿನಾಅ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಎದ್ದಿರುವವರು ಇಬ್ಬರೇ: ಚಹಾದ ಹಸ್ಸೂನ್ ಮತ್ತು ಲ್ಯಾಪ್‌ಟಾಪ್ ರಿಪೇರಿಯ ಗಜ್ವಾನ್. ಬೆಕ್ಕುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಗಜ್ವಾನ್ ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಹಿಂದಿನ ದಿನ ಬಂದ ಯಂತ್ರಕ್ಕೆ ಚಾರ್ಜರ್ ಚುಚ್ಚುತ್ತಾರೆ. ಕಿತ್ತಳೆ ಬಣ್ಣದ ಚುಕ್ಕಿ ಹತ್ತುತ್ತದೆ. ವೈರನ್ನು ಎಡಕ್ಕೆ ಬಾಗಿಸುತ್ತಾರೆ, ಚುಕ್ಕಿ ಇದೆ. ಬಲಕ್ಕೆ, ಇದೆ. ಪಿನ್ನಿನ ಬುಡವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಕಣ್ಣು ಕಿರಿದು ಮಾಡಿ ಕಾಯುತ್ತಾರೆ. ಆಗಲೂ ಇದೆ.

"ಹಲ್ಲುನೋವು ಇದ್ದ ಹಾಗೆ ನೋಡಿ. ರಾತ್ರಿಯೆಲ್ಲ ಜೀವ ತಿಂದು, ಡಾಕ್ಟರ ಬಾಗಿಲು ಕಂಡ ಕೂಡಲೇ ಮಾಯ. ಪೂರ್ತಿ ಸತ್ತದ್ದನ್ನ ಕೊಡಿ, ಮಧ್ಯಾಹ್ನದೊಳಗೆ ಎಬ್ಬಿಸಿ ಕಳಿಸ್ತೀನಿ. ಒಮ್ಮೆ ಹತ್ತಿ ಒಮ್ಮೆ ಹತ್ತದೆ ಇರೋದಿದೆಯಲ್ಲ, ಅದು ಮನೆ ಹಾಳು ಮಾಡುತ್ತೆ," ಎನ್ನುತ್ತಾರೆ ಗಜ್ವಾನ್.

ಹಾಳಾದದ್ದು ಮನೆಯಲ್ಲ, ಜೋಡಿ ಅಂಗಡಿ. ಗಲ್ಲಿಯ ಆಚೆ ಬದಿಗೆ, ಸರಿಯಾಗಿ ಎದುರಿಗೆ, ಇನ್ನೊಂದು ರಿಪೇರಿ ಅಂಗಡಿಯಿದೆ. ಅದರಲ್ಲಿ ಹಿಕ್ಮತ್ ಕೂರುತ್ತಾರೆ. ಇಬ್ಬರೂ ಒಬ್ಬನೇ ಉಸ್ತಾದನ ಕೈಕೆಳಗೆ ರೇಡಿಯೊ ಬಿಚ್ಚಿ ಕಲಿತವರು. ಇರಾಕಿನ ಮೇಲೆ ದಿಗ್ಬಂಧನವಿದ್ದ ವರ್ಷಗಳಲ್ಲಿ, ಹೊಸ ಬಿಡಿಭಾಗ ಎಂಬುದು ಕನಸಿನ ಮಾತಾಗಿದ್ದಾಗ, ಸತ್ತ ಟೀವಿಗಳ ಹೊಟ್ಟೆಯಿಂದ ತಂತಿ ಬಿಡಿಸಿ ಬದುಕಿದವರು. ಮುಂದೆ ಜೊತೆಯಾಗಿ ಅಂಗಡಿ ಇಟ್ಟರು. ರೋಗ ಹಿಡಿಯುವುದು ಗಜ್ವಾನ್, ಬೆಸುಗೆ ಹಾಕುವುದು ಹಿಕ್ಮತ್. ಹಿಕ್ಮತ್ ಅವರದು ಇರುವೆಯ ಕಣ್ಣಿಗೆ ಕಾಡಿಗೆ ಹಚ್ಚುವ ಕೈ ಎಂದು ಗಲ್ಲಿಯೇ ಹೊಗಳುತ್ತಿತ್ತು.

ಆಮೇಲೆ ಗಲ್ಲಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ನಜೀಹಾ ಅವರ ಲ್ಯಾಪ್‌ಟಾಪ್ ಬಂತು. ದೂರದೇಶಗಳಲ್ಲಿ ಹುಟ್ಟಿದ ಇರಾಕಿ ಮಕ್ಕಳಿಗೆ ಪರದೆಯ ಮೇಲೆ ಅರಬ್ಬಿ ಅಕ್ಷರ ತಿದ್ದಿಸುವ ಹೆಂಗಸು. ಪಾಠದ ನಡುವೆಯೇ ಚಾರ್ಜ್ ನಿಂತುಹೋಗುತ್ತಿತ್ತು. ಅಂಗಡಿಯಲ್ಲಿ ಮಾತ್ರ ಯಂತ್ರಕ್ಕೆ ಎಳ್ಳಷ್ಟೂ ರೋಗವಿಲ್ಲ. ಗಜ್ವಾನ್ ಹೊಸ ಚಾರ್ಜರ್ ಕೊಟ್ಟು ಕಳಿಸಿದರು. ಯಂತ್ರ ಮರಳಿ ಬಂತು. ಪಿನ್ನು ಕೂರುವ ಜಾಗವನ್ನೇ ಬದಲಿಸಿ ಹಿಕ್ಮತ್ ಬೆಸುಗೆ ಹಾಕಿದರು, ಮತ್ತೆ ಬಂತು. ಅಂದು ಅಂಗಡಿ ತುಂಬ ಗಿರಾಕಿಗಳು. ಖಾಲಾ ಬಾಗಿಲಲ್ಲೇ ನಿಂತು, "ಏನ್ರಪ್ಪಾ, ನೀವಿಬ್ಬರೂ ಸೇರಿ ನನ್ನ ಹುಡುಗರನ್ನ ನಿರಕ್ಷರಿಗಳನ್ನಾಗಿ ಮಾಡ್ತೀರಾ?" ಎಂದರು. ಎಲ್ಲರೂ ನಕ್ಕರು. ಗಜ್ವಾನ್ ಗಲ್ಲಿಗೆಲ್ಲ ಕೇಳುವಂತೆ ಅಂದುಬಿಟ್ಟರು: "ಇವನ ಕೈ ನಡುಗೋಕೆ ಶುರುವಾಗಿದೆ ಖಾಲಾ, ನಾನೇನು ಮಾಡಲಿ?"

ಹಿಕ್ಮತ್ ಬೆಸುಗೆಯ ಕಡ್ಡಿ ಆರುವವರೆಗೆ ಕಾದರು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

"ಬೈದಿದ್ದರೆ ಚೆನ್ನಾಗಿತ್ತು," ಎನ್ನುತ್ತಾರೆ ಗಜ್ವಾನ್. "ಅದು ಆರೋವರೆಗೂ ಕಾದನಲ್ಲ, ಅಷ್ಟು ಹೊತ್ತು ತಪ್ಪಾಯ್ತು ಅನ್ನೋಕೆ ನನಗೂ ಬಾಯಿ ಇತ್ತು."

ಆಮೇಲೆ ಖಾಲಾ ಯಂತ್ರವನ್ನು ಬೇರೆ ಎಲ್ಲೋ ತೋರಿಸಿದರು. ವರ್ಷಗಳು ಹೋದವು. ಕಳೆದ ಚಳಿಗಾಲದಲ್ಲಿ ಅವರದೇ ಫೋನು: ಮೊಣಕಾಲು ಕೈಕೊಟ್ಟಿದೆ, ಮೆಟ್ಟಿಲು ಇಳಿಯಲಾರೆ, ಅದೇ ಹಳೇ ಗೋಳು, ನೀನೇ ಬಾ. ಗಜ್ವಾನ್ ಹೋದರು. ಇನ್ನೂ ಚಹಾ ಮುಗಿದಿರಲಿಲ್ಲ, ದೀಪ ಮಿಣುಕಿತು. ಸರ್ಕಾರಿ ಕರೆಂಟು ಹೋಗಿ ಜನರೇಟರಿನ ಕರೆಂಟು ಬರುವ ಹೊತ್ತು, ವೋಲ್ಟೇಜ್ ಹಾರಿ ಯಂತ್ರಗಳು ಸುಡುವ ಹೊತ್ತು. ಮೊಣಕಾಲಿಲ್ಲದ ಖಾಲಾ ಚಿಗರೆಯಂತೆ ನೆಗೆದು, ಗೋಡೆಯಿಂದ ಚಾರ್ಜರನ್ನು ವೈರು ಹಿಡಿದು ಸರಕ್ಕನೆ ಎಳೆದರು. ಸೊಸೆ ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಅದೇ ಶಾಸ್ತ್ರ ಮಾಡಿದಳು.

"ಖಾಲಾ, ಯಾವಾಗಲೂ ಹೀಗೇ ಕೀಳ್ತೀರಾ?"

"ಮತ್ತಿನ್ನೇನು? ನೀನೇ ಹೇಳಿದ್ದೆಯಲ್ಲೋ! ನಿನ್ನ ಅಂಗಡಿ ಬೋರ್ಡಿನ ಮೇಲೇ ಬರೆದಿತ್ತು, ಕರೆಂಟು ಬದಲಾದರೆ ತಕ್ಷಣ ಕಿತ್ತುಬಿಡಿ ಅಂತ. ನಾನು ಮೇಷ್ಟರು ಹೇಳಿದ ಹಾಗೆ ಕೇಳೋಳು."

"ಆಗ ಅಂಗಡಿಗೆ ನಿಮ್ಮ ಚಾರ್ಜರ್ ಯಾಕೆ ತರಲಿಲ್ಲ?"

"ನಿನ್ನ ಹತ್ತಿರ ಇಲ್ವಾ? ಕಟುಕನ ಮನೆಗೆ ಹೋಗೋವಾಗ ಚೂರಿ ಯಾರು ಒಯ್ತಾರೆ?"

ದಿನಕ್ಕೆ ಹತ್ತಾರು ಸಲ ಎಳೆಸಿಕೊಂಡ ವೈರು ಕತ್ತಿನ ಒಳಗೇ ಹರಿದಿತ್ತು. ಒಂದು ಮಗ್ಗುಲಾದರೆ ಹತ್ತುವುದು, ಇನ್ನೊಂದು ಮಗ್ಗುಲಾದರೆ ಆರುವುದು. ಹೊಸದು ಕೊಟ್ಟರೂ ಕೆಲವು ವಾರಗಳಲ್ಲಿ ಅದೇ ಗತಿ. ತಾವೇ ಕೊಟ್ಟ ಹೊಸ ಚಾರ್ಜರಿನ ಮೇಲೆ ಗಜ್ವಾನರಿಗೆ ಅನುಮಾನವೇ ಬಂದಿರಲಿಲ್ಲ. ಅನುಮಾನವೆಲ್ಲ ಗೆಳೆಯನ ಕೈಮೇಲೆ. ಯಂತ್ರದ ಮೈ ಬಿಚ್ಚಿದರೆ ಹಿಕ್ಮತ್ ಹಾಕಿದ ಬೆಸುಗೆ ಮೊನ್ನೆ ಹಾಕಿದಷ್ಟು ಗಟ್ಟಿ.

ಈಗ ಅಂಗಡಿಗೆ ದಿನಕ್ಕೆ ಎಂಟೋ ಹತ್ತೋ ಯಂತ್ರ ಬರುತ್ತವೆ. ಚಾರ್ಜರ್ ತರದವರನ್ನು ಗಜ್ವಾನ್ ಹೊಸಿಲು ಹತ್ತಿಸುವುದಿಲ್ಲ. ಹಳೆಯ ಬೋರ್ಡು ಅಳಿಸಿ, ಗಲ್ಲಿಯ ಕಡೆಗೆ ಮುಖ ಮಾಡಿ ಹೊಸದು ಹಾಕಿದ್ದಾರೆ: 'ಪ್ಲಗ್ಗು ಹಿಡಿದು ಕೀಳಿ, ವೈರು ಹಿಡಿದು ಎಳೆಯಬೇಡಿ.' ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ: 'ಹಿಕ್ಮತ್ ಕೈಯ ಬೆಸುಗೆ ಬಿಟ್ಟಿರಲಿಲ್ಲ.' ದಾರಿಹೋಕರು ಇದನ್ನು ಯಾವುದೋ ಹೊಸ ಕಂಪನಿಯ ಜಾಹೀರಾತು ಎಂದುಕೊಳ್ಳುತ್ತಾರೆ.

"ಎದುರಿಗೆ ಹೋಗಿ ಬಾಯಿಬಿಟ್ಟು ಹೇಳಬಾರದಾ?" ಹಸ್ಸೂನ್ ದಿನವೂ ಕೆಣಕುತ್ತಾರೆ. "ನಾನು ಚಹಾ ಮಾರೋನೋ, ನಿಮ್ಮಿಬ್ಬರ ರಾಯಭಾರಿಯೋ?"

"ಹೊಸಿಲವರೆಗೂ ಹೋಗಿದ್ದೆ. ಎದ್ದು ಒಳಗೆ ಹೋದ. ಅಂದಿದ್ದು ಗಲ್ಲಿ ಮುಂದೆ, ಹಿಂದಕ್ಕೆ ತಗೊಳ್ಳೋದೂ ಗಲ್ಲಿ ಮುಂದೆಯೇ ಆಗಲಿ. ನೀನು ಚಹಾ ಒಯ್ಯಿ."

ಇದು ಇಲ್ಲಿನ ರೂಢಿ. ಒಬ್ಬರ ಚಹಾಕ್ಕೆ ಇನ್ನೊಬ್ಬರು ಸದ್ದಿಲ್ಲದೆ ದುಡ್ಡು ಕೊಟ್ಟಿರುತ್ತಾರೆ. ಚಹಾದವನು "ವಾಸಿಲ್", ಅಂದರೆ ಸಂದಿದೆ, ಎಂದು ಲೋಟ ಇಟ್ಟು ಬರುತ್ತಾನೆ. ಬೋರ್ಡು ಹಾಕಿದಂದಿನಿಂದ ಹಿಕ್ಮತ್ ಮುಂದೆ ದಿನವೂ ಒಂದು ಪುಟ್ಟ ಗಾಜಿನ ಲೋಟ ಹೋಗುತ್ತದೆ, ತಳದಲ್ಲಿ ಸಕ್ಕರೆ, ಮೇಲೆ ಕಪ್ಪು ಚಹಾ. ದಿನವೂ ಹಾಗೇ ತುಂಬಿದ್ದು ತುಂಬಿದಂತೆ ವಾಪಸು ಬರುತ್ತದೆ.

ಇವತ್ತೂ ಬಂದಿದೆ. "ಮುಟ್ಟಿಲ್ಲ. ಸುರಿದುಬಿಡ್ಲಾ?" ಹಸ್ಸೂನ್ ಕೇಳುತ್ತಾರೆ.

ಗಜ್ವಾನ್ ಲೋಟವನ್ನು ಮೇಜಿನ ದೀಪಕ್ಕೆ ಹಿಡಿಯುತ್ತಾರೆ. ತಳದಲ್ಲಿ ಸಕ್ಕರೆ ಇಲ್ಲ.

"ಕಲಕಿದ್ದು ನೀನಾ?"

"ನಾನ್ಯಾಕೆ ಕಲಕಲಿ? ಕುಡಿಯೋರ ಕೆಲಸ ಅದು."

ಎದುರಂಗಡಿಯಲ್ಲಿ ಹಿಕ್ಮತ್ ತಲೆ ಬಗ್ಗಿಸಿ ಬೆಸುಗೆಯಲ್ಲಿ ಮುಳುಗಿದ್ದಾರೆ. ಹೊಗೆ ನೆಟ್ಟಗೆ ಏಳುತ್ತಿದೆ. ಗಜ್ವಾನ್ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಹಸ್ಸೂನ್ ಕೈಗೆ ಕೊಡುತ್ತಾರೆ.

"ನಾಳೆ ಸಕ್ಕರೆ ಒಂಚೂರು ಕಮ್ಮಿ ಹಾಕು. ಅವನಿಗೆ ಇಷ್ಟು ಸಿಹಿ ಆಗಲ್ಲ."