ಕಾಕಾ ಆರಿಸಿಕೊಟ್ಟ ಹಸಿರು ಹೆಬ್ಬಾವು

ಇವತ್ತು ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಪಡಸಾಲೆಯಿಂದ ಕುಸುಬಿ ಎಣ್ಣೆಯ ವಾಸನೆ ಬಂತು. ಒಗ್ಗರಣೆಯದಲ್ಲ, ಹಸಿ ಎಣ್ಣೆಯದು. ಕ್ಯಾಲೆಂಡರು ನೋಡುವ ಅಗತ್ಯವೇ ಬೀಳಲಿಲ್ಲ. ಇವತ್ತು ಕಾರಹುಣ್ಣಿಮೆ, ಎತ್ತುಗಳ ಹಬ್ಬ. ಫಕೀರಪ್ಪ ಕಾಕಾ ಬಂದಿದ್ದಾರೆ, ನಮ್ಮ ಹೆಬ್ಬಾವಿನ ಗೂಡಿನ ಮುಂದೆ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದಾರೆ.

ಹೆಬ್ಬಾವು ಎಂದ ಕೂಡಲೇ ನೀವು ಕಾಲು ಮೇಲೆತ್ತಿಕೊಂಡಿರಿ ಅಂತ ಕಾಣುತ್ತದೆ. ಇಳಿಸಿ. ಇದು ಕುರಿ ನುಂಗುವ ಜಾತಿಯಲ್ಲ. ಹಸಿರು ಮರಹೆಬ್ಬಾವು ಅಂತ, ಸಮುದ್ರದಾಚೆಯ ಕಾಡಿನದು, ವಿಷವಿಲ್ಲ. ಟೊಂಗೆಯ ಮೇಲೆ ಸಿಂಬೆಯ ಹಾಗೆ ಸುತ್ತಿಕೊಂಡು, ನಡುವೆ ತಲೆ ಇಟ್ಟು, ದಿನಗಟ್ಟಲೆ ಕೂತುಬಿಡುತ್ತದೆ. ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಇದು ಹೊರದೇಶದ್ದಾದ್ದರಿಂದ ಸರಕಾರಕ್ಕೆ ಬರೆದುಕೊಟ್ಟು, ಕಾಗದಪತ್ರ ಮಾಡಿಸಿ ಇಟ್ಟುಕೊಳ್ಳಬಹುದು. ಯರಗಟ್ಟಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಬದುಕುವ ನನಗೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಹೆಂಡತಿ ಇಂದಿಗೂ ಕೇಳುತ್ತಾಳೆ. ದಿನವಿಡೀ ಸುತ್ತುವವನಿಗೆ, ತಾನಾಗಿಯೇ ಸುತ್ತಿಕೊಳ್ಳುವ ಪ್ರಾಣಿಯ ಚಿತ್ರ ನೋಡಿದರೆ ಆಸೆಯಾಗದೆ ಇರುತ್ತದೆಯೇ?

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಎರಡು ಓಣಿ ಆಚೆ ಅವರ ಮನೆ. ಒಂದು ಕಾಲಕ್ಕೆ ಸವದತ್ತಿಯಿಂದ ರಾಮದುರ್ಗದ ತನಕ ಯಾರು ಎತ್ತು ಕೊಳ್ಳುವುದಿದ್ದರೂ ಮೊದಲು ಅವರನ್ನು ಕರೆದೊಯ್ಯುತ್ತಿದ್ದರು. ಸಂತೆಯಲ್ಲಿ ಕಾಕಾ ಸುಳಿ ನೋಡುವರು, ಹಲ್ಲು ನೋಡುವರು, ಹತ್ತು ಹೆಜ್ಜೆ ನಡೆಸಿ ನೋಡುವರು, ಕೊನೆಗೆ ಯಾರೂ ನೋಡದ ಮೂಲೆಯ ಹೋರಿಯ ಬೆನ್ನು ತಟ್ಟಿ "ಇದನ್ನ ಹಿಡೀರಿ" ಅನ್ನುವರು. ಹಾಗೆ ಅಂದ ಎತ್ತು ಹುಸಿ ಹೋಗಿದ್ದಿಲ್ಲ. ಆಮೇಲೆ ಮನೆಮನೆಗೆ ಟ್ರ್ಯಾಕ್ಟರು ಬಂತು. ಕಾಕಾ ತಮ್ಮ ಕೊನೆಯ ಜೋಡಿಯನ್ನೂ ಮಾರಿದರು. ಗೋದಲಿಯ ಪಕ್ಕ ಹಳೆಯ ಸೈಕಲ್ಲೊಂದು ನಿಂತಿತು. ಕರೆಯುವವರಿಲ್ಲವಾದ ಮೇಲೆ ಆ ಕಣ್ಣಿಗೆ ಕೆಲಸವೇ ಇಲ್ಲದಂತಾಯಿತು. ಓಣಿಯಲ್ಲಿ ಯಾರಾದರೂ ಹೊಸ ಮೋಟಾರ್‌ಸೈಕಲ್ ತಂದರೆ ಸುತ್ತ ಒಂದು ಸಲ ತಿರುಗಿ, ಏನೂ ಹೇಳದೆ ಮನೆಗೆ ಹೋಗುತ್ತಿದ್ದರು.

ಏಳೆಂಟು ವರ್ಷದ ಹಿಂದಿನ ಮಾತು. ಬೆಳಗಾವಿಯಲ್ಲಿ ಇಂಥ ಹಾವುಗಳನ್ನು ಮರಿ ಮಾಡಿಸುವವರೊಬ್ಬರು ಇದ್ದರು. ಹೋಳಿ ಮುಗಿದ ವಾರ ನಾನು ಬಸ್ಸಿಗೆ ಹೊರಟಿದ್ದೆ. ದಾರಿಯಲ್ಲಿ ಕಾಕಾ ಎದುರಾದರು.

"ಎಲ್ಲಿಗೆ ಹೊಂಟೀ?"

"ಹೆಬ್ಬಾವಿನ ಮರಿ ತರಾಕ್ರಿ ಕಾಕಾ."

ಬೈಯುತ್ತಾರೆ ಎಂದುಕೊಂಡೆ. ಅವರ ಚಿಂತೆಯೇ ಬೇರೆ. "ಒಬ್ಬನ ಹೋಗಿ ಆರಸ್ತೀ? ಜೀವ ಇರೂದನ್ನ ಒಬ್ಬನ ಕಣ್ಣಿಲೆ ಕೊಳ್ಳಬಾರದಪಾ. ತಡಿ, ರುಮಾಲ ಸುತ್ಕೊಂಡ ಬರತೇನಿ."

ಅಲ್ಲಿ ಮೂರು ಮರಿಗಳಿದ್ದವು. ಈ ಜಾತಿಯ ಮರಿ ಹುಟ್ಟುವಾಗ ಹಸಿರಾಗಿರುವುದಿಲ್ಲ. ಒಂದು ಇಟ್ಟಂಗಿಯ ಕೆಂಪು, ಎರಡು ಅರಿಸಿನದ ಹಳದಿ. ನಾನು ಕೆಂಪಿಗೆ ಮರುಳಾಗಿ ಕೈ ಚಾಚಿದೆ. ಕಾಕಾ ನನ್ನ ಕೈ ಹಿಂದೆ ಎಳೆದರು. "ಇವು ಮನ್ಯಾಗ ಹುಟ್ಟಿದ್ದೋ, ಅಡವ್ಯಾಗ ಹಿಡದದ್ದೋ?" ಎಂದು ಕೇಳಿದರು. ತಿಂಗಳುಗಟ್ಟಲೆ ಫೋನಿನಲ್ಲಿ ಓದಿ ನಾನು ಕಲಿತ ಮೊದಲ ಪ್ರಶ್ನೆಯೂ ಅದೇ. ಕೇಳಲು ಮರೆತಿದ್ದೆ.

"ಇಲ್ಲೇ ಹುಟ್ಟಿದ್ದ್ರಿ ಅಜ್ಜಾರ."

"ಹಂಗಾರ ನಮ್ಮ ಮುಂದ ತಿನ್ನಸ್ರಿ, ನೋಡೂಣು."

ಇಕ್ಕಳದಲ್ಲಿ ಇಲಿಮರಿ ಹಿಡಿದು ಕೊಟ್ಟರೆ ಕೆಂಪು ಮರಿ ಮುಖ ತಿರುಗಿಸಿತು. ಹಳದಿಯಲ್ಲಿ ಸಣ್ಣದು ಫಕ್ಕನೆ ಹಿಡಿಯಿತು. ಅದು ನುಂಗಿ ಮುಗಿಸಿದ ಮೇಲೆ ಕಾಕಾ ಅದು ಕೂತ ಕಡ್ಡಿಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರು. ಮರಿ ಬೆದರಲಿಲ್ಲ, ಕಡ್ಡಿಯನ್ನು ಇನ್ನೂ ಬಿಗಿಯಾಗಿ ಹಿಡಿಯಿತು. "ಕಾಲಿಲ್ಲ ಖರೆ, ನಿಲ್ಲೂದು ಹೆಂಗ ಅಂತ ಇದಕ್ಕ ಗೊತ್ತೈತಿ. ಇದನ್ನ ಹಿಡಿ" ಅಂದರು. ಆ ಸ್ವರ ಕೇಳಿ ಎಷ್ಟು ವರ್ಷವಾಗಿತ್ತೋ! ಮರಳುವ ಬಸ್ಸಿನಲ್ಲಿಯೇ ಅದಕ್ಕೆ ಅರಿಷಿಣ್ಯಾ ಎಂದು ಹೆಸರಿಟ್ಟರು.

ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಗಾಳಿಗೂ ಬಾಯಾರುತ್ತದೆ. ಸಾಗವಾನಿಯ ಚೌಕಟ್ಟಿಗೆ ಗಾಜು ಕೂರಿಸಿ, ಕಾವು ಹೆಚ್ಚಾದರೆ ತಾನೇ ಆರುವ ದೀಪ ಹಾಕಿ, ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದೆ. ಕಾಕಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಕುರ್ಚಿ ಎಳೆದುಕೊಂಡು ಕೂರುವರು. ಹೆಂಡತಿಯದು ಒಂದೇ ಷರತ್ತು: ಮನೆಯೊಳಗೆ ಹಾವು ಅನ್ನಬಾರದು, ಹುಳ ಅನ್ನಬೇಕು. ಒಪ್ಪಿದೆವು.

ಆ ವರ್ಷದ ಕಾರಹುಣ್ಣಿಮೆ ಬಂತು. ಎತ್ತು ಇದ್ದವರೆಲ್ಲ ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ ಬಣ್ಣ ಬಳಿಯುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದ ನಾನು ನೋಡುವುದೇನು, ಅರಿಷಿಣ್ಯಾ ಗೂಡಿನ ನೆಲದ ಮೇಲೆ ಬಿದ್ದಿದೆ, ಹೊಟ್ಟೆಯೆಲ್ಲ ಜಿಡ್ಡು. ಅದು ಕೂರುವ ಕೋಲು ಎಣ್ಣೆಯಿಂದ ಫಳಫಳ ಹೊಳೆಯುತ್ತಿದೆ.

"ಹಬ್ಬ ಐತಲ್ಲೋ" ಎಂದರು ಕಾಕಾ, ಬಟ್ಟಲು ಹಿಡಿದುಕೊಂಡೇ. "ಕೋಲ ಒಣಗಿತ್ತು. ಅದಕ್ಕೂ ಒಂಚೂರ ಹಚ್ಚಿದೆ."

"ನಿನಗ ಬುದ್ಧಿ ಐತೇನು? ಅದೇನ ನಿನ್ನ ಎತ್ತೇನು?"

ಹುಟ್ಟಿದಾಗಿನಿಂದ ಕಾಕಾನಿಗೆ 'ನೀವು' ಬಿಟ್ಟು ಮಾತಾಡಿದವನಲ್ಲ ನಾನು. ಅವರು ಬಟ್ಟಲನ್ನು ಧೋತರದ ಸೆರಗಿನಲ್ಲಿ ಒರೆಸಿಕೊಂಡು ಹೋಗಿಬಿಟ್ಟರು. ನನಗೆ ಆಗಲೇ ನಾಚಿಕೆಯಾಯಿತು, ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹಿಂದೆ ಓಡಲಿಲ್ಲ.

ಮರಿಯ ಮೈಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದೆ. ಕಟ್ಟಿಗೆಯ ಸಹವಾಸವೇ ಬೇಡವೆಂದು ಅಂಗಡಿಯಿಂದ ಪ್ಲಾಸ್ಟಿಕ್ ಪೈಪು ತಂದು ಅಡ್ಡಲಾಗಿ ಕೂರಿಸಿದೆ. ಭಾರೀ ಜಾಣತನ ಮಾಡಿದೆ ಎಂದುಕೊಂಡಿದ್ದೆ. ಅರಿಷಿಣ್ಯಾ ಅದನ್ನು ಹತ್ತಲಿಲ್ಲ, ಕೊಟ್ಟದ್ದನ್ನು ತಿನ್ನಲೂ ಇಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಬೆಳಗಾವಿಗೆ ಫೋನು ಮಾಡಿದರೆ, ಇಷ್ಟು ಎಳೆಯ ಮರಿ ಹೆಚ್ಚು ದಿನ ತಡೆಯುವುದಿಲ್ಲ ಅಂದರು. ಮೂರನೆಯ ವಾರ ಅದರ ಬೆನ್ನೆಲುಬು ಎದ್ದು ಕಾಣತೊಡಗಿತು. ಪಕ್ಕದ ಕುರ್ಚಿ ಖಾಲಿಯೇ ಇತ್ತು.

"ಹುಳ ಉಪವಾಸ ಐತಿ ಅಂತ ಮಾರಿ ಸಣ್ಣ ಮಾಡ್ಕೊಂಡ ಕುಂತೀರಿ" ಎಂದಳು ಹೆಂಡತಿ. "ಅಲ್ಲೆ ಸಣ್ಣ ಮಾವಾರು ಎರಡ ರೊಟ್ಟಿ ತಿನ್ನೋರು ಒಂದಕ್ಕ ಬಂದಾರಂತ. ಹೋಗಿ ಕರಕೊಂಡ ಬರ್ರಿ."

ದಾರಿಯುದ್ದಕ್ಕೂ ತಪ್ಪಾಯಿತು ಎನ್ನುವ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅವರ ಕಟ್ಟೆಯ ಮುಂದೆ ನಿಂತಾಗ ಬಾಯಿಗೆ ಬಂದದ್ದು ಇಷ್ಟೇ: "ಕಾಕಾ, ಅದು ಮೂರು ವಾರ ಆತು, ಏನೂ ತಿನವಲ್ದರಿ."

ಅವರು ಕೂಡಲೇ ಎದ್ದರು. ರುಮಾಲು ಸುತ್ತಿಕೊಂಡು ನನಗಿಂತ ಮುಂದೆ ನಡೆದರು.

ಗೂಡಿನ ಮುಂದೆ ಕೂತು ಬಹಳ ಹೊತ್ತು ನೋಡಿದರು. "ಇದೇನೋ ಇಷ್ಟ ದಪ್ಪ ಕೊಳವಿ? ಹೋರಿಗರದ ಹೆಗಲಿಗೆ ದೊಡ್ಡೆತ್ತಿನ ನೊಗಾ ಇಡ್ತಾರೇನು? ಅದರ ಮೈ ಎಷ್ಟ ದಪ್ಪ ಐತಿ, ಟೊಂಗಿನೂ ಅಷ್ಟ ಇರಬೇಕು. ಮ್ಯಾಲ ಹಿಡಿಯಾಕ ತೊಗಟಿ ಬ್ಯಾಡೇನು?"

ನಮ್ಮ ಹಿತ್ತಲಿನ ಪೇರಲ ಗಿಡದಿಂದ ಬೆರಳು ದಪ್ಪದ ಟೊಂಗೆ ಕಡಿದು, ತೊಳೆದು, ತಾವೇ ಕೂರಿಸಿದರು. ಗಾಜಿನ ಮೇಲೆ ತಮ್ಮ ಟವೆಲ್ ಇಳಿಬಿಟ್ಟರು. ಹೊಸ ಎತ್ತು ಬಂದಾಗ ಮೂರು ದಿನ ಯಾರೂ ಇಣುಕಬಾರದಂತೆ. ನಾನು ಒಂದಿಷ್ಟು ನೀರು ಚಿಮುಕಿಸಿ ಸರಿಯುವಷ್ಟಕ್ಕೆ ಮಾತ್ರ ಅಪ್ಪಣೆ.

ನಾಲ್ಕನೆಯ ದಿನ ಟವೆಲ್ ಸರಿಸಿದರೆ ಟೊಂಗೆಯ ಮೇಲೆ ಪುಟ್ಟ ಹಳದಿ ಸಿಂಬೆ! ಇಕ್ಕಳದಲ್ಲಿ ಹಿಡಿದು ಕೊಟ್ಟದ್ದನ್ನು ಫಕ್ಕನೆ ಎಳೆದುಕೊಂಡಿತು. ನಾನು "ತಿಂತು, ತಿಂತು!" ಎಂದು ಮನೆ ಹಾರಿಹೋಗುವಂತೆ ಕೂಗಿದೆ. "ಕೂಗಬ್ಯಾಡೋ, ದೃಷ್ಟಿ ಆಗತೈತಿ" ಎಂದರು ಕಾಕಾ, ಕಣ್ಣು ಒರೆಸಿಕೊಳ್ಳುತ್ತ. ದೀಪಾವಳಿಯ ಹೊತ್ತಿಗೆ ಅದರ ಬೆನ್ನ ಮೇಲೆ ಮೊದಲ ಹಸಿರು ಕಾಣಿಸಿತು. ಈಗ ಅಡಿಯಿಂದ ಮುಡಿಯವರೆಗೆ ಹಸಿರು, ಹೆಸರು ಮಾತ್ರ ಅರಿಷಿಣ್ಯಾ. ಈ ಸುದ್ದಿ ಹರಡಿ, ಬೈಲಹೊಂಗಲ, ಕಿತ್ತೂರಿನ ಕಡೆಯಿಂದ ಪಕ್ಷಿ, ಮೊಲ ಕೊಳ್ಳುವವರು ಈಗ ಫೋನು ಮಾಡಿ ಕಾಕಾನನ್ನು ಕೇಳುತ್ತಾರೆ. ಅವರು ರುಮಾಲು ಸುತ್ತಿಕೊಂಡು ಹೊರಡುತ್ತಾರೆ.

ಮರುವರ್ಷದ ಕಾರಹುಣ್ಣಿಮೆಗೆ ಕಾಕಾ ಬಟ್ಟಲು ಹಿಡಿದು ಹೊಸ್ತಿಲಲ್ಲೇ ನಿಂತು, "ಹೊರಗಿನ ಚೌಕಟ್ಟಿಗೆ ಹಚ್ಚಲೇನೋ?" ಎಂದು ಕೇಳಿದ್ದರು. ಆಗಿನಿಂದ ಪ್ರತಿವರ್ಷ ಸಾಗವಾನಿಗೆ ಎಣ್ಣೆ. ನಾನು ಬಾಯಿಪಾಠ ಮಾಡಿದ ಮಾತು ಮಾತ್ರ ಪ್ರತಿವರ್ಷ ಹೇಳದೆಯೇ ಉಳಿಯುತ್ತಿತ್ತು.

ಇವತ್ತು ಬಟ್ಟಲು ಅವರ ಹಿಡಿತಕ್ಕೆ ನಿಲ್ಲುತ್ತಿರಲಿಲ್ಲ, ಎಣ್ಣೆ ಮೊಣಕೈವರೆಗೆ ಇಳಿದಿತ್ತು. ಮುಖವನ್ನೂ ಒರೆಸಿಕೊಳ್ಳದೆ ಅವರ ಪಕ್ಕ ನೆಲದ ಮೇಲೆ ಕೂತೆ.

"ಕಾಕಾ, ಅವತ್ತ ನಾ ಹಂಗ ಅನ್ನಬಾರದಾಗಿತ್ರಿ. ತಪ್ಪಾತ್ರಿ."

ಅವರು ಯಾವತ್ತು ಎಂದು ಕೇಳಲಿಲ್ಲ. ಎಣ್ಣೆ ಹಚ್ಚುತ್ತಿದ್ದ ಬಟ್ಟೆಯ ತುಣುಕು ಚೌಕಟ್ಟಿನ ಮೇಲೆ ಹಾಗೇ ನಿಂತಿತು. "ಎತ್ತ ಆಗಿದ್ರ ಅವತ್ತ ಹಾಯ್ತಿತ್ತು ನಿನ್ನ" ಎಂದು ನಕ್ಕರು. ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ಹಿಡಿ, ಇನ್ನ ಮ್ಯಾಲ ನೀ ಹಚ್ಚು. ಒಳಗ ಒಂದ ಹನಿ ಬಿತ್ತಂದ್ರ ನೋಡು, ಈ ಸಲ ನಾ ಬೈತೇನಿ."