ಹನ್ನೆರಡು ಗಂಟೆಯ ನೆರಳು

ನಾನು ಏಳನೇ ಇಯತ್ತೆಯನ್ನು ಎರಡನೇ ಸಲ ಓದುತ್ತಿದ್ದೇನೆ. ಮೊದಲ ಸಲ ವಿಜಯಪುರದಲ್ಲಿ ಓದಿದೆ, ಹೇಗೋ ಪಾಸಾದೆ. ಈ ಸಲ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ, ಮಗಳು ಮೇಘಾಳ ಹೆಸರಿನಲ್ಲಿ ಓದುತ್ತಿದ್ದೇನೆ. ಪಾಸಾಗುವ ಲಕ್ಷಣ ಕಾಣುತ್ತಿಲ್ಲ.

ನಮ್ಮ ಕಾಲದಲ್ಲಿ ಭೂಮಿ ಪುಸ್ತಕದ ಒಂದು ಪುಟದಲ್ಲಿ ಇರುತ್ತಿತ್ತು. ಮಾಸ್ತರರು ಓದಿ ಹೇಳುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು, ಭೂಮಿ ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ಅದನ್ನು ತಿರುಗಿಸುವ ಜವಾಬ್ದಾರಿ ಪಾಲಕರ ಮೇಲೆ ಇರಲಿಲ್ಲ. ಈಗ ಎಲ್ಲವೂ ‘ಆಕ್ಟಿವಿಟಿ’. ಶುಕ್ರವಾರ ಸಂಜೆ ಶಾಲೆಯಿಂದ ಒಂದು ಹಾಳೆ ಬರುತ್ತದೆ, ನನ್ನ ಭಾನುವಾರ ಹೋಗುತ್ತದೆ.

ಚಂದ್ರನ ಮೇಲಿನ ಕುಳಿಗಳು ಹೇಗಾದವು ಎಂದು ತಿಳಿಯಲು ಪರಾತದಲ್ಲಿ ಹಿಟ್ಟು ಹರಡಿ ಎತ್ತರದಿಂದ ಗೋಲಿ ಬೀಳಿಸಬೇಕಂತೆ. ಮೇಘಾ ಊರಿನಿಂದ ಬಂದ ಜೋಳದ ಹಿಟ್ಟನ್ನೇ ಆರಿಸಿಕೊಂಡಳು. ಗೋಲಿ ಬಿತ್ತು, ಕುಳಿ ಆಯಿತು, ಫೋಟೋ ತೆಗೆದೆವು. ಹೆಂಡತಿ ಶೈಲಾ ಅದೇ ಹಿಟ್ಟು ಸಾಣಿಸಿ ರೊಟ್ಟಿ ಬಡಿದಳು. ಅವತ್ತು ನಾವು ಚಂದ್ರನನ್ನು ಪುಂಡಿಪಲ್ಯದ ಜೊತೆ ತಿಂದೆವು.

ಮುಂದಿನ ವಾರ ‘ನಿಮ್ಮ ಸುತ್ತಲಿನ ಮಣ್ಣಿನ ಪದರಗಳನ್ನು ಬಾಟಲಿಯಲ್ಲಿ ತೋರಿಸಿ’ ಎಂದು ಬಂತು. ನಮ್ಮ ಸುತ್ತ ಇರುವುದು ಕಾಂಕ್ರೀಟು. ಬಾಟಲಿ ಹಿಡಿದು ಹೊಸ ಕಟ್ಟಡ ಏಳುತ್ತಿದ್ದ ಜಾಗಕ್ಕೆ ಹೋದೆವು. ಅಲ್ಲಿ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಬುಟ್ಟಿ ಇಳಿಸಿ, ನಾವು ತುಂಬುತ್ತಿದ್ದುದನ್ನು ನೋಡಿ, “ಅದು ಮಣ್ಣಲ್ರಿ ಯಪ್ಪಾ, ಹಳೀ ಮನಿ ಪುಡಿ. ಮಣ್ಣು ಬೇಕಂದ್ರ ಊರಿಗೆ ಹೋಗ್ರಿ” ಅಂದಳು. ಆ ಹಳೇ ಮನೆಯ ಪುಡಿಯನ್ನೇ ಮೂರು ಪದರ ಮಾಡಿ ಶಾಲೆಗೆ ಕಳಿಸಿದೆ.

ಇಷ್ಟಕ್ಕೇ ನಿಂತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಜನವರಿಯ ಕೊನೆಯಲ್ಲಿ ನೆರಳಿನ ಹಾಳೆ ಬಂತು. ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳನ್ನು ಅಳೆಯಿರಿ. ನೆರಳು ಎಲ್ಲಕ್ಕಿಂತ ಚಿಕ್ಕದಾಗುವುದು ಎಷ್ಟು ಗಂಟೆಗೆ?

ಓದಿ ನನಗೆ ನಗು ಬಂತು. ಮೊದಲನೆಯದಾಗಿ, ಅಳೆಯುವುದೇ ನನ್ನ ಕೆಲಸ. ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ತಪಾಸಣೆಯವನು. ಲೇಥಿನಿಂದ ಇಳಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ, ಆದ್ದರಿಂದ ಗೆಳೆಯರು ಕಡಿಮೆ. ಎರಡನೆಯದಾಗಿ, ಇದಕ್ಕೆ ಅಳೆಯುವುದೇಕೆ? ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕೆ, ನಮ್ಮಪ್ಪನೂ ಹಾಗೇ ಹೇಳುತ್ತಿದ್ದ. ಇದು ಏಳನೇ ಇಯತ್ತೆಯವರಿಗೆ ಬಿಡಿ, ನಮ್ಮೂರಿನ ಎಮ್ಮೆಗಳಿಗೂ ಗೊತ್ತು.

ಆದರೂ ಭಾನುವಾರ ತಾರಸಿಗೆ ಹೋದೆ. ಬಕೆಟ್ಟಿಗೆ ಮರಳು ತುಂಬಿ, ಒಂದು ಮೀಟರಿನ ಕೋಲು ನೆಟ್ಟು, ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೆಂದು ನಾಲ್ಕೂ ಕಡೆಯಿಂದ ಪರೀಕ್ಷಿಸಿದೆ. ಹನ್ನೆರಡಕ್ಕೆ ಗುರುತು ಹಾಕಿಸಿ, “ಮುಗೀತು, ನಡಿ” ಅಂದೆ. ಮೇಘಾ ಒಂದು ಗಂಟೆಯವರೆಗೂ ಇರುತ್ತೇನೆ ಅಂದಳು. ಕೊಡೆ ಹಿಡಿದು ಕೂತಳು. ನಾನು ಕೆಳಗೆ ಬಂದು ಚಹಾ ಕುಡಿದು, ಪೇಪರು ಹಿಡಿದುಕೊಂಡು ನಿದ್ದೆ ಮಾಡಿದೆ.

ಊಟದ ಹೊತ್ತಿಗೆ ಅವಳು ಕೆಂಪು ಮುಖ ಮಾಡಿಕೊಂಡು ಇಳಿದು ಬಂದಳು.

“ಅಪ್ಪಾ, ಹನ್ನೆರಡೂವರೀಗೆ ನೆರಳು ಎಲ್ಲಾಕ್ಕಿಂತ ಸಣ್ಣ ಆಗೈತಿ.”

“ಹಂಗ ಆಗಂಗಿಲ್ಲ. ಹನ್ನೆರಡಕ್ಕ ಆಗಬೇಕು.”

“ಹನ್ನೆರಡಕ್ಕ ಎಪ್ಪತ್ನಾಕು ಸೆಂಟಿಮೀಟರ್ ಇತ್ತು. ಹನ್ನೆರಡೂವರೀಗೆ ಎಪ್ಪತ್ತೆರಡೂವರಿ. ನೋಡು, ಬರದೀನಿ.”

“ಕೋಲು ವಾಲಿರಬೇಕು.”

“ಕೋಲು ನೀನ ನಿಲ್ಲಿಸೀದಿ.”

ಸಿಕ್ಕಿಬಿದ್ದಾಗ ಅಪ್ಪಂದಿರು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ. “ಅಳಿಯೂದು ನನಗ ಕಲಸಾಕ ಬರತೀಯೇನು? ತಪ್ಪು ಬರದು ಮಾರ್ಕ್ಸ್ ಕಳಕೋಬ್ಯಾಡ. ಅಳಿಸಿ ಹನ್ನೆರಡು ಅಂತ ಬರಿ.” ಅವಳು ರಬ್ಬರು ತೆಗೆದುಕೊಂಡು, ಹಾಳೆ ಹರಿಯುವಷ್ಟು ಜೋರಾಗಿ ತಿಕ್ಕಿದಳು. ಊಟಕ್ಕೆ ಕೂತಾಗ ನನಗೆ ಬೇಕಾದ ಉಪ್ಪಿನಕಾಯಿಯನ್ನು ತಾಯಿಯ ಮೂಲಕ ದಾಟಿಸಿದಳು.

ಸೋಮವಾರ ಸಂಜೆ ನಾನು ಕೆಲಸದಿಂದ ಬಂದಾಗ ಶಾಲೆಯ ಡೈರಿ ಮೇಜಿನ ಮೇಲೆ ತೆರೆದುಕೊಂಡಿತ್ತು. ‘ಮೇಘಾಳ ತಂದೆ ಶನಿವಾರ ಬಂದು ಕಾಣಬೇಕು.’ ನಡೆದದ್ದನ್ನು ಶೈಲಾ ಹೇಳಿದಳು. ವಿಜ್ಞಾನದ ಟೀಚರು ನೋಡಿದ ನೋಟುಬುಕ್ಕುಗಳಲ್ಲೆಲ್ಲ ಹನ್ನೆರಡು ಗಂಟೆ ಇತ್ತಂತೆ. ಇಡೀ ತರಗತಿ, ಒಬ್ಬರೂ ಬಿಡದಂತೆ. “ಬಿಸಿಲಿಗೆ ಹೋದವರು ಯಾರಾದರೂ ಇದ್ದೀರಾ?” ಎಂದು ಕೇಳಿದ್ದಾರೆ. ಮೇಘಾ ಎದ್ದು ನಿಂತು, ತನಗೆ ಹನ್ನೆರಡೂವರೆ ಬಂದಿತ್ತು, ಅಪ್ಪ ಅಳಿಸಲು ಹೇಳಿದರು ಅಂದಿದ್ದಾಳೆ. ಎಲ್ಲರೂ ನಕ್ಕಿದ್ದಾರೆ. ಟೀಚರು ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ, ಅಳಿಸಿದ ಅಂಕಿಗಳ ಅಚ್ಚು ಒಂದೊಂದೂ ಕಾಣುತ್ತಿತ್ತಂತೆ.

“ಮಂದಿ ಮುಂದ ನನ್ನ ಹೆಸರು ಹೇಳೂದು ಏನಿತ್ತು?” ಎಂದು ರೇಗಿದೆ.

ಒಳಗಿನಿಂದ ಮೇಘಾ ಅಂದಳು, “ಮತ್ತ ಯಾರ ಹೆಸರು ಹೇಳಬೇಕಿತ್ತು?”

ಶನಿವಾರ ಅರ್ಧ ದಿನ ರಜೆ ಹಾಕಿ ಹೋದೆ. ಟೀಚರ ವಯಸ್ಸು ನನ್ನ ಅರ್ಧ ಇರಬಹುದು. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ಬೈಯುವ ಬದಲು ಕುರ್ಚಿ ಕೊಟ್ಟು, ತೆಲುಗಿನಲ್ಲಿ ಪಾಠ ಮಾಡಿದರು, ಅದು ಇನ್ನೂ ಕಷ್ಟ. ನಮ್ಮ ದೇಶದ ಗಡಿಯಾರಗಳೆಲ್ಲ ನಡೆಯುವುದು ಕಾಕಿನಾಡದ ಹತ್ತಿರ ಹಾದುಹೋಗುವ ಒಂದು ಗೆರೆಯ ಲೆಕ್ಕದಲ್ಲಿ. ನಾವು ಅದಕ್ಕೆ ಪಶ್ಚಿಮಕ್ಕೆ ಇದ್ದೇವೆ, ಹಾಗಾಗಿ ಸೂರ್ಯ ನಮ್ಮ ನೆತ್ತಿಗೆ ಬರಲು ಕಾಲು ಗಂಟೆ ಹೆಚ್ಚು ಬೇಕು. ಭೂಮಿ ಸೂರ್ಯನನ್ನು ಸುತ್ತುವಾಗ ವರ್ಷವಿಡೀ ಒಂದೇ ವೇಗದಲ್ಲಿ ಓಡುವುದಿಲ್ಲ, ವಾಲಿಕೊಂಡು ಬೇರೆ ಓಡುತ್ತದೆ. ಅದರಿಂದ ಜನವರಿ ಕೊನೆಗೆ ಇನ್ನೊಂದು ಹನ್ನೆರಡು ಹದಿಮೂರು ನಿಮಿಷ ತಡ. ಎರಡೂ ಕೂಡಿದರೆ ಹೆಚ್ಚುಕಡಿಮೆ ಹನ್ನೆರಡೂವರೆ.

“ಇದೇ ಕೆಲಸ ನವೆಂಬರ್ ಮೊದಲಲ್ಲಿ ಮಾಡಿದ್ದರೆ ನೀವು ಹೇಳಿದ ಹನ್ನೆರಡೇ ಬರುತ್ತಿತ್ತು ಸಾರ್” ಎಂದು ಸಮಾಧಾನ ಮಾಡಿದರು. ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಆ ಹಾಳೆ ಮೂರು ತಿಂಗಳು ಮುಂಚೆ ಬಂದಿದ್ದರೆ ನಾನು ಸಾಯುವವರೆಗೂ ಸರಿಯಾಗಿಯೇ ಇರುತ್ತಿದ್ದೆ!

“ನಮ್ಮ ವಿಜಯಪುರದಾಗ?” ಎಂದು ಕೊನೆಯ ಆಸೆಯಿಂದ ಕೇಳಿದೆ.

“ಅಲ್ಲಿ ಇನ್ನೂ ಹತ್ತು ನಿಮಿಷ ತಡ.”

ಅಂದರೆ ನಮ್ಮಪ್ಪನೂ ತಪ್ಪು. ಎಮ್ಮೆಗಳ ವಿಷಯ ಕೇಳಲಿಲ್ಲ.

ನಾನು ಎದ್ದು ಹೊರಟಾಗ ಟೀಚರು ಅಸಲು ಮಾತಿಗೆ ಬಂದರು. ತರಗತಿಯವರು ಈಗ ಮೈದಾನದಲ್ಲಿ ಮತ್ತೆ ನೆರಳು ಅಳೆಯುತ್ತಾರೆ, ನೀವು ಅಳೆಯುವ ಕೆಲಸದವರಂತೆ, ಎರಡು ಮಾತು ಹೇಳಿ ಅಂದರು. ತಪ್ಪಿಸಿಕೊಳ್ಳಲು ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಮೇಘಾ ನಿಂತಿದ್ದಳು. ನಾನು ಏನು ಹೇಳಿಬಿಡುತ್ತೇನೋ ಎಂದು ಅವಳಿಗೆ ಭಯವಾಗಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು. ಅಳೆಯುವಾಗ ಕಣ್ಣು ಎಲ್ಲಿ ಇರಬೇಕು, ಸ್ಕೇಲು ಹೇಗೆ ಹಿಡಿಯಬೇಕು ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಮೈದಾನಕ್ಕೆ ಹೋಗಿ ಹಾಗೆಯೇ ಶುರು ಮಾಡಿದೆ ಕೂಡ. ಆದರೆ ಬಿಸಿಲಲ್ಲಿ ಸಾಲಾಗಿ ನಿಂತ ಆ ಮಕ್ಕಳನ್ನು ನೋಡುತ್ತ ನಾಲಿಗೆ ಬೇರೆ ದಾರಿ ಹಿಡಿಯಿತು.

ನನಗೆ ಬರುವ ಹಿಂದಿಯಲ್ಲಿ ಹೇಳಿದೆ: “ನಮ್ಮ ಕಾರ್ಖಾನೆಯಲ್ಲಿ ಅಳತೆ ನಕ್ಷೆಗೆ ಕೂಡದಿದ್ದರೆ ಆ ವಸ್ತುವನ್ನು ವಾಪಸ್ ಕಳಿಸುತ್ತೇವೆ. ಅಳತೆಯನ್ನೇ ತಿದ್ದಿ ನಕ್ಷೆಗೆ ಕೂಡಿಸಿದವನನ್ನು ಮನೆಗೆ ಕಳಿಸುತ್ತಾರೆ. ಹೋದ ಭಾನುವಾರ ನಾನು ಅದನ್ನೇ ಮಾಡಿದೆ. ಮೇಘಾ ಬಿಸಿಲಲ್ಲಿ ಕೂತು ನೋಡಿದ್ದಳು, ನಾನು ಮಲಗಿದ್ದೆ. ಅವಳ ಅಳತೆ ಸರಿ ಇತ್ತು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಸಲೀಸಾಗುತ್ತಿತ್ತು. ಒಬ್ಬ ಹುಡುಗಿ ಕೈಯೆತ್ತಿ, “ಅಂಕಲ್, ಹಾಗಾದರೆ ನಿಮ್ಮನ್ನು ಮನೆಗೆ ಕಳಿಸಬೇಕಾ?” ಎಂದು ಗಂಭೀರವಾಗಿ ಕೇಳಿದಳು. ಟೀಚರು, ಒಂದು ಗಂಟೆಯವರೆಗೆ ಇಟ್ಟುಕೊಳ್ಳೋಣ ಅಂದರು.

ಒಂದು ಗಂಟೆಯವರೆಗೂ ಇದ್ದೆ. ಒಂದು ಗುಂಪಿಗೆ ಹನ್ನೆರಡೂ ಇಪ್ಪತ್ತು ಬಂತು, ಇನ್ನೊಂದಕ್ಕೆ ಹನ್ನೆರಡೂ ನಲವತ್ತು, ಕೋಲಿಗೆ ಕಾಲು ತಾಗಿಸಿದ ಗುಂಪಿಗೆ ಹನ್ನೊಂದೂ ಐವತ್ತು. ನನ್ನ ಕೈಯಲ್ಲಿ ಕೆಂಪು ಬಣ್ಣ ಇದ್ದಿದ್ದರೆ ಅರ್ಧ ತರಗತಿಗೆ ಬಳಿಯುತ್ತಿದ್ದೆ. ಟೀಚರು ಮಾತ್ರ ಪ್ರತಿ ಅಂಕಿಗೂ ಹಿಗ್ಗಿ ಬರೆದುಕೊಂಡರು. ವಾಪಸ್ ಬರುವಾಗ ಆಟೋದಲ್ಲಿ ಮೇಘಾ, “ಅಪ್ಪಾ, ನಿನ್ನ ಹಿಂದಿ ಭಾಳ ಕೆಟ್ಟ ಐತಿ” ಅಂದು, ನನ್ನ ತೋಳಿಗೆ ಒರಗಿದಳು. ಆರು ದಿನದ ಮೇಲೆ ಎದುರಿಗೆ ಕೂತು ಆಡಿದ ಮೊದಲ ಮಾತು.

ತಪ್ಪು ಒಪ್ಪಿಕೊಂಡದ್ದರ ಫಲ ಈಗ ಉಣ್ಣುತ್ತಿದ್ದೇನೆ. ಮೊದಲು ಅವಳು ಏನು ಕೇಳಿದರೂ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದೆ. ಸೂರ್ಯ ಎಲ್ಲಿ ಮುಳುಗುತ್ತಾನೆ? ಪಶ್ಚಿಮಕ್ಕೆ. ಕೆಲಸ ಮುಗಿಯುತ್ತಿತ್ತು. ಈಗ “ನೋಡೂಣು ನಡಿ” ಅನ್ನಬೇಕಾಗುತ್ತದೆ. ನಮ್ಮ ಲಿಫ್ಟು ಐದನೇ ಮಹಡಿಗೆ ನಿಂತುಬಿಡುತ್ತದೆ, ಅಲ್ಲಿಂದ ತಾರಸಿಗೆ ಮೆಟ್ಟಿಲು. ಗೊತ್ತು ಅನ್ನುವ ಮನುಷ್ಯ ಕುರ್ಚಿಯಲ್ಲೇ ಮುದುಕನಾಗಬಹುದು. ಗೊತ್ತಿಲ್ಲ ಎಂದು ಒಮ್ಮೆ ಒಪ್ಪಿಕೊಂಡವನಿಗೆ ಮಾತ್ರ ಮೊಣಕಾಲು ಗಟ್ಟಿ ಇರಬೇಕು.